ಕುಂತ್ರೆ ಏಳಾಕಾಗಲ್ಲ

ನಮ್ಮ ಕಡೆ ಗೃಹಪ್ರವೇಶಕ್ಕೋ ತಿಥಿ ಊಟಕ್ಕೋ ಹೋದಾಗ ಪಂಕ್ತಿ ಕೂರುವ ಹೊತ್ತಿಗೆ ಸ್ವಲ್ಪ ಹಿಂದೆ ನಿಂತು ನೋಡಿ. ಮದುವೆ ಮಂಟಪಗಳಲ್ಲಿ ಈಗ ಎಲ್ಲರಿಗೂ ಟೇಬಲ್ಲು. ಮನೆಯ ಕಾರ್ಯಗಳಲ್ಲಿ ಮಾತ್ರ ಇನ್ನೂ ಚಾಪೆ ಉಳಿದಿದೆ. ಹಿಂದೆ ಚಾಪೆಯ ಪಕ್ಕ ಗೋಡೆಗೆ ಒತ್ತಿ ಒಂದೆರಡು ಬೆಂಚು ಹಾಕುತ್ತಿದ್ದರು. ಅವು ಅಜ್ಜ ಅಜ್ಜಿಯರ ಜಾಗ. ಈಗ ಆ ಬೆಂಚಿನತ್ತ ಕಳ್ಳನೋಟ ಬೀರುವವರ ತಲೆಯಲ್ಲಿ ಬಿಳಿಕೂದಲು ಇನ್ನೂ ಅಷ್ಟಾಗಿ ಮೂಡಿರುವುದಿಲ್ಲ. ನಲವತ್ತೈದು, ನಲವತ್ತೆಂಟು, ಹೆಚ್ಚೆಂದರೆ ಐವತ್ತೆರಡು. ಬೆಂಚಿನ ಮೇಲೆ ಕೂರಲು ನಾಚಿಕೆ, ಚಾಪೆಯ ಮೇಲೆ ಕೂರಲು ಭಯ. "ನೀವೆಲ್ಲ ಕುಂತ್ಕಳ್ರಿ, ನಾನು ಬಡಿಸ್ತೀನಿ" ಎಂದು ಸಾಂಬಾರಿನ ಬಕೆಟ್ಟು ಹಿಡಿಯುವ ಹೆಂಗಸಿನ ಉಪಚಾರದ ಹಿಂದೆ ಎಷ್ಟೋ ಸಲ ಅವಳ ಮಂಡಿ ಅಡಗಿರುತ್ತದೆ.

"ಕುಂತ್ರೆ ಏಳಾಕಾಗಲ್ಲ, ಎದ್ರೆ ಕುಂದ್ರಾಕಾಗಲ್ಲ." ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಯಾವ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೊಟ್ಟರೂ ಈ ಮಾತು ಕೇಳಿಸುತ್ತದೆ. ಅದಕ್ಕೆ ಎದುರಿನವರ ಉತ್ತರವೂ ತಯಾರಾಗಿರುತ್ತದೆ: "ವಯಸ್ಸಾತಲ್ಲ, ಇನ್ನೇನು?" ಹೇಳಿದವರಿಗೂ ಕೇಳಿದವರಿಗೂ ಅಲ್ಲಿಗೆ ಸಮಾಧಾನ. ಈ ಲೇಖನದ ತಕರಾರು ಇರುವುದು ಆ ಉತ್ತರದ ಮೇಲೆ. ಎಂಬತ್ತರಲ್ಲಿ ಅದು ಉತ್ತರವಾದೀತು. ನಲವತ್ತೈದರಲ್ಲಿ ಅದು ಉತ್ತರವಲ್ಲ, ಕೇಳಬೇಕಾದ ಪ್ರಶ್ನೆಯ ಬಾಯಿಗೆ ಹಾಕಿದ ಬೀಗ.

ದಿನಕ್ಕೆ ಎಷ್ಟು ಸಲ ಕೂರುತ್ತೇವೆ?

ನೋವು ಎಷ್ಟಿದೆ ಎಂದು ಕೇಳಿದರೆ ನಮ್ಮವರು ಸರಿಯಾಗಿ ಹೇಳುವುದಿಲ್ಲ. "ಐತೆ, ಹಂಗೇ ಐತೆ" ಎನ್ನುತ್ತಾರೆ. ಅದರ ಬದಲು ದಿನದ ಕೆಲಸಗಳನ್ನು ಒಂದೊಂದಾಗಿ ಲೆಕ್ಕ ಹಾಕಬೇಕು.

ಹೊಳಲ್ಕೆರೆ ಸೀಮೆಯ ಅಡಿಕೆ ತೋಟದ ಮನೆಯೊಂದರ ಹೆಣ್ಣುಮಗಳ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಶೌಚಾಲಯದಲ್ಲಿ ಕುಕ್ಕರುಗಾಲು. ಆಮೇಲೆ ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಬಗ್ಗಬೇಕು. ಕೊಟ್ಟಿಗೆಯಲ್ಲಿ ಸಗಣಿ ಬಾಚಲು ಸೊಂಟ, ಹಾಲು ಕರೆಯಲು ಮತ್ತೆ ಕುಕ್ಕರುಗಾಲು. ನೀರೊಲೆಗೆ ಸೌದೆ ತುರುಕಲು, ಪಾತ್ರೆ ಬೆಳಗಲು, ಬಟ್ಟೆ ಒಗೆಯಲು, ನೆಲ ಒರೆಸಲು ಮತ್ತೆ ಮತ್ತೆ ಬಗ್ಗುವುದು, ಕೂರುವುದು, ಏಳುವುದು. ರಾಗಿ ಮುದ್ದೆ ತಿರುವುವುದಂತೂ ಸಣ್ಣ ಕೆಲಸವಲ್ಲ. ಭುಜ, ಮುಂಗೈ, ಸೊಂಟ ಮೂರೂ ಒಟ್ಟಿಗೆ ದುಡಿಯಬೇಕು. ಅಡಿಕೆ ಸುಗ್ಗಿಯಲ್ಲಾದರೆ ರಾತ್ರಿ ಊಟವಾದ ಮೇಲೆ ಮತ್ತೆ ಸುಲಿಯಲು ಕೂರುವುದು. ಹಿರಿಯೂರು, ಚಿತ್ರದುರ್ಗದ ಕಡೆಯ ಹೊಲಗಳಲ್ಲಿ ಅಡಿಕೆಯ ಜಾಗಕ್ಕೆ ಶೇಂಗಾ ಬರುತ್ತದೆ, ಈರುಳ್ಳಿ ಬರುತ್ತದೆ. ಕಳೆ ಕೀಳುವುದು, ಶೇಂಗಾ ಗಿಡದಿಂದ ಕಾಯಿ ಬಿಡಿಸುವುದು, ಈರುಳ್ಳಿ ಸೊಪ್ಪು ಕೊಯ್ದು ಗುಡ್ಡೆ ಹಾಕುವುದು, ಎಲ್ಲವೂ ಕುಂತು ಜರುಗುತ್ತ ಮಾಡುವ ಕೆಲಸಗಳೇ.

ಗಂಡಸರ ಪಟ್ಟಿ ಬೇರೆ, ಆದರೆ ಚಿಕ್ಕದಲ್ಲ. ಗೊಬ್ಬರದ ಚೀಲ ಹೊರುವುದು, ಟ್ರ್ಯಾಕ್ಟರ್ ಹತ್ತಿಳಿಯುವುದು, ರಾತ್ರಿ ಕರೆಂಟು ಬಂದಾಗ ಎದ್ದು ಹೋಗಿ ಮೋಟರು ಚಾಲೂ ಮಾಡಿ ಗೇಟ್‌ವಾಲ್ ತಿರುಗಿಸುವುದು, ತೆಂಗಿನಕಾಯಿ ಸುಲಿಯುವುದು, ಕುರಿಮರಿಯನ್ನು ಬಗ್ಗಿ ಎತ್ತಿಕೊಳ್ಳುವುದು.

ತೊಂದರೆ ಶುರುವಾಗುವುದು ಈ ಪಟ್ಟಿಯಲ್ಲಿ, ಅದೂ ಸದ್ದಿಲ್ಲದೆ. ರಂಗೋಲಿ ಚಿಕ್ಕದಾಗುತ್ತದೆ, ಆಮೇಲೆ ಮಗಳ ಪಾಲಿಗೆ ಹೋಗುತ್ತದೆ. ಹಾಲು ಕರೆಯುವ ಕೆಲಸ ಗಂಡನಿಗೆ ಬರುತ್ತದೆ, ಒಂದು ವರ್ಷ ಬಿಟ್ಟು ಹಸುವನ್ನೇ ಮಾರುತ್ತಾರೆ. "ಮೇವಿಗೆ ಕಷ್ಟ ಆತು, ಅದಕ್ಕೇ ಮಾರಿದ್ವಿ" ಎಂದು ಊರಿಗೆ ಹೇಳುತ್ತಾರೆ. ಶೌಚಾಲಯದಲ್ಲಿ ಗೋಡೆ ಹಿಡಿದು ಏಳುವ ಸಂಗತಿಯನ್ನಂತೂ ಯಾರಿಗೂ ಹೇಳುವುದಿಲ್ಲ. ಓಬವ್ವನ ಊರಿನವರು ನಾವು; ನಮ್ಮಲ್ಲಿ ಹೆಂಗಸನ್ನು ಹೊಗಳುವ ದೊಡ್ಡ ಮಾತು "ಗಟ್ಟಿಗಿತ್ತಿ". ಆ ಹೆಸರು ಒಮ್ಮೆ ಬಂದವಳು "ನನ್ನ ಕೈಲಾಗಲ್ಲ" ಎಂದು ಹೇಳುವುದಾದರೂ ಹೇಗೆ?

ಯಾರದೋ ಮನೆಯ ಅಳತೆಗೋಲು

ದಿನದ ಕೆಲಸಗಳ ಮೂಲಕ ದೇಹವನ್ನು ಅಳೆಯಬೇಕೆಂಬುದು ವೈದ್ಯಶಾಸ್ತ್ರಕ್ಕೂ ಗೊತ್ತಿರುವ ವಿಚಾರ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿ ಆರು ಕೆಲಸಗಳು: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಈ ಕೆಲಸಗಳು ಕೈತಪ್ಪುವುದಕ್ಕೂ ಒಂದು ಕ್ರಮ ಇರುವುದನ್ನು ಅವರು ಕಂಡರು. ಮೊದಲು ಹೋಗುವುದು ಸ್ನಾನ, ಕೊನೆಯವರೆಗೂ ಉಳಿಯುವುದು ಊಟ. ಮಗು ಮೊದಲು ತಿನ್ನಲು ಕಲಿತು, ಎಷ್ಟೋ ಕಾಲದ ಮೇಲೆ ತಾನೇ ಮೀಯಲು ಕಲಿಯುತ್ತದಲ್ಲ, ಅದೇ ದಾರಿಯಲ್ಲಿ ಹಿಂದಕ್ಕೆ ನಡೆದಂತೆ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಎಂಬುವರು ಇನ್ನೊಂದು ಪಟ್ಟಿ ಕೊಟ್ಟರು. ಫೋನ್ ಮಾಡುವುದು, ಅಂಗಡಿಗೆ ಹೋಗುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿ ತೆಗೆದುಕೊಳ್ಳುವುದು, ಹಣಕಾಸು ನೋಡಿಕೊಳ್ಳುವುದು ಎಂಬ ಎಂಟು ಬಾಬತ್ತು ಅದರಲ್ಲಿದ್ದವು.

ಈ ಅಳತೆಗೋಲುಗಳು ಇಂದಿಗೂ ಲೋಕದಲ್ಲೆಲ್ಲ ಬಳಕೆಯಲ್ಲಿವೆ. ಆದರೆ ಇವು ಮಂಚ, ಕುರ್ಚಿ, ಮೇಜು, ಕಮೋಡು ಇರುವ ಮನೆಯಲ್ಲಿ ಹುಟ್ಟಿದವು. ಅಂಥ ಮನೆಯಲ್ಲಿ ಬದುಕಿಗೆ ಒಂದೂವರೆ ಅಡಿ ಎತ್ತರದ ಕುರ್ಚಿಯಿಂದ ಏಳುವ ಶಕ್ತಿಯಿದ್ದರೆ ಸಾಕು. ನಮ್ಮಲ್ಲಿ ನೆಲದಿಂದ ಏಳಬೇಕು. ಕಾಟ್ಜ್ ಪಟ್ಟಿಯಲ್ಲಿ ಆರಕ್ಕೆ ಆರೂ ಅಂಕ ಪಡೆಯುವ ಹೆಂಗಸು ಹೊಸದುರ್ಗದ ತನ್ನ ಮನೆಯಲ್ಲಿ ಹಸು ಮಾರಿ ಕೂತಿರಬಹುದು. ಇದು ನಮ್ಮ ಸಂಶೋಧಕರಿಗೂ ಹೊಳೆಯದ್ದೇನಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಓದುಬರಹ ಬಾರದ ಹಿರಿಯರಿಗೆ ಹೊಂದುವಂಥ ಬೇರೆಯೇ ಪಟ್ಟಿಯೊಂದನ್ನು 1990ರ ದಶಕದಲ್ಲಿ ಸಿದ್ಧಪಡಿಸಿದ್ದರು. ಅದೂ ಮುದುಕರಿಗಾಗಿ.

ನಡುವಯಸ್ಸಿನವರನ್ನು ಲೆಕ್ಕಕ್ಕೆ ಸೇರಿಸಿದ ದೊಡ್ಡ ಪ್ರಯತ್ನ ಎಂದರೆ 'ಲಾಸಿ' ಎಂದೇ ಹೆಸರಾದ, ಭಾರತದಲ್ಲಿ ವಯಸ್ಸಾಗುವಿಕೆಯ ದೀರ್ಘಾವಧಿ ಅಧ್ಯಯನ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಇದರ ಮೊದಲ ಸುತ್ತು 2017-18ರಲ್ಲಿ ಶುರುವಾಗಿ, ದೇಶದ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ವರದಿ 2021ರ ಜನವರಿಯಲ್ಲಿ ಹೊರಬಂತು. ಅದು 60ಕ್ಕೆ ಕಾಯದೆ 45ರಿಂದಲೇ ಪ್ರಶ್ನೆ ಕೇಳಿತು. ಬಗ್ಗಲು, ಮಂಡಿಯೂರಲು, ಕುಕ್ಕರುಗಾಲಲ್ಲಿ ಕೂರಲು, ಐದು ಕಿಲೋ ಭಾರ ಎತ್ತಲು ಆಗುತ್ತದೆಯೇ ಎಂದೂ ಕೇಳಿತು. ಈ ಪ್ರಶ್ನೆಗಳ ವಯಸ್ಸು 45 ಎಂದು ಒಪ್ಪಿದ್ದೇ ದೊಡ್ಡ ಮಾತು. ಆ ಒಪ್ಪಿಗೆ ನಮ್ಮ ಊರಿನ ಆರೋಗ್ಯ ಕೇಂದ್ರದವರೆಗೆ ಇನ್ನೂ ಬಂದಿಲ್ಲ.

ನೀರು ನೆನಪಿಟ್ಟುಕೊಳ್ಳುವುದು ಎಲುಬಿನಲ್ಲಿ

ಈಗ ನಮ್ಮ ಜಿಲ್ಲೆಯ ವಿಶೇಷಕ್ಕೆ ಬರೋಣ. ಮಂಡಿನೋವು ಎಲ್ಲ ಊರಲ್ಲೂ ಇದೆ. ಆದರೆ ಇಲ್ಲಿ ಅದರ ಜೊತೆಗೆ ಸೇರಿಕೊಳ್ಳುವ ಇನ್ನೊಂದು ಕಾರಣ ಕೊಡದಲ್ಲಿ ತುಂಬಿ ಮನೆಗೆ ಬರುತ್ತದೆ. ಕರ್ನಾಟಕದಲ್ಲಿ ಅಂತರ್ಜಲದ ಫ್ಲೋರೈಡ್ ಬಾಧೆ ಇರುವ ಜಿಲ್ಲೆಗಳಲ್ಲಿ ಚಿತ್ರದುರ್ಗದ ಹೆಸರು ಬಹಳ ಹಿಂದಿನಿಂದ ಇದೆ. ಜಿಲ್ಲೆಯ ಗಡಿಯಾಚೆಯ ಪಾವಗಡ, ಶಿರಾ ಸೀಮೆಯದೂ ಇದೇ ಕಥೆ.

ಫ್ಲೋರೈಡ್ ಯಾರೂ ತಂದು ಸುರಿದ ವಿಷವಲ್ಲ. ಅದು ನಮ್ಮ ಕಲ್ಲಿನದೇ. ಗ್ರಾನೈಟ್, ನೈಸ್ ಶಿಲೆಗಳಲ್ಲಿರುವ ಕೆಲವು ಖನಿಜಗಳು ನೀರಿಗೆ ಫ್ಲೋರೈಡನ್ನು ಬಿಟ್ಟುಕೊಡುತ್ತವೆ. ನೀರು ಕಲ್ಲಿನ ಸಂದಿಯಲ್ಲಿ ಎಷ್ಟು ಹೆಚ್ಚು ಕಾಲ ನಿಲ್ಲುತ್ತದೋ ಅಷ್ಟು ಹೆಚ್ಚು ಕರಗಿಸಿಕೊಳ್ಳುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಇದು. ಹೊಸ ನೀರು ಇಳಿದು ಹಳೆಯದನ್ನು ತೆಳುಮಾಡುವುದು ಅಪರೂಪ. ನಮ್ಮ ಅಜ್ಜಂದಿರು ಕುಡಿದದ್ದು ಕೆರೆಯ ಪಕ್ಕದ ತೆರೆದ ಬಾವಿಯ ನೀರು, ಅಂದರೆ ಹೆಚ್ಚುಕಡಿಮೆ ಮಳೆಯ ನೀರು. ಕೆರೆ ಬತ್ತಿತು, ಬಾವಿ ಬತ್ತಿತು, ಕೈಪಂಪು ಬಂತು, ಬೋರ್‌ವೆಲ್ ಬಂತು, ಬೋರಿನ ಆಳ ನೂರಾರು ಅಡಿಗೆ ಇಳಿಯಿತು. ಇಂದು ಐವತ್ತರ ಆಸುಪಾಸಿನಲ್ಲಿ ಇರುವವರು ಬೋರ್‌ವೆಲ್ ಜೊತೆಗೇ ಬೆಳೆದ ತಲೆಮಾರು. ತಮ್ಮ ಅಜ್ಜ ಅರವತ್ತರಲ್ಲೂ ತೆಂಗಿನ ಮರ ಹತ್ತುತ್ತಿದ್ದ ಎಂದು ಹೇಳುವ ಮೊಮ್ಮಗ ನಲವತ್ತೆಂಟಕ್ಕೇ ಸೊಂಟ ಹಿಡಿದು ಕೂತಿದ್ದರೆ, ಇಬ್ಬರೂ ಕುಡಿದ ನೀರು ಒಂದೇ ಅಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ 1.5. ಅದನ್ನು ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಕೂರುತ್ತ ಹೋಗುತ್ತದೆ. ಎಲುಬು ದಪ್ಪಗಾಗುತ್ತದೆ, ಕೀಲುಗಳ ಸುತ್ತಲಿನ ಸ್ನಾಯುಕಟ್ಟುಗಳು ಗಡುಸಾಗಿ ಸುಣ್ಣ ಕಟ್ಟಿಕೊಳ್ಳುತ್ತವೆ. ಬೆನ್ನು, ಕತ್ತು, ಸೊಂಟ ಬಿಗಿಯುತ್ತವೆ. ಇದಕ್ಕೆ ಹತ್ತಿಪ್ಪತ್ತು ವರ್ಷ ಹಿಡಿಯಬಹುದು. ಹಾಗಾಗಿಯೇ ಬಾಲ್ಯದಿಂದ ಕುಡಿದ ನೀರಿನ ಲೆಕ್ಕ ನಡುವಯಸ್ಸಿನಲ್ಲಿ ಚುಕ್ತಾ ಆಗುತ್ತದೆ. ಬಿಸಿಲಿನಲ್ಲಿ ದುಡಿಯುವವರು ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುತ್ತಾರೆ. ಒಂದೇ ನಲ್ಲಿಯ ನೀರಾದರೂ ನೆರಳಿನಲ್ಲಿ ಕೂತ ಗುಮಾಸ್ತನಿಗಿಂತ ಕೂಲಿಯವನ ಎಲುಬಿಗೆ ಹೆಚ್ಚು ಸೇರುವುದು ಇದಕ್ಕೇ. ದೇಶದಲ್ಲಿ ಫ್ಲೋರೋಸಿಸ್ ಎಂಬ ಈ ರೋಗವನ್ನು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಬಗ್ಗೆ ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಬರೆದ ವರದಿಯಲ್ಲಿ. ಅದಾಗಿ ಎಂಬತ್ತೈದಕ್ಕೂ ಹೆಚ್ಚು ವರ್ಷ ಕಳೆದ ಮೇಲೂ ನಾವು "ವಾತ" ಎಂದು ಎಣ್ಣೆ ತಿಕ್ಕುತ್ತಿದ್ದೇವೆ.

ಹಲ್ಲು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಕಂದು ಗೆರೆ ಬಿದ್ದ ಹಲ್ಲು ಈ ಸೀಮೆಯ ಗುರುತು, ನಿಜ. ಆದರೆ ಹಲ್ಲಿಗೆ ಕಲೆ ಬೀಳುವುದು ಅದು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ಒಳಗೆ. ಒಳ್ಳೆಯ ನೀರಿನ ಊರಲ್ಲಿ ಬೆಳೆದು, ಇಪ್ಪತ್ತಕ್ಕೆ ಮದುವೆಯಾಗಿ ಬೋರ್‌ವೆಲ್ ಊರಿಗೆ ಬಂದ ಸೊಸೆಯ ಹಲ್ಲು ಬೆಳ್ಳಗೇ ಇರುತ್ತದೆ. ಎಲುಬಿಗೆ ಆ ರಕ್ಷಣೆ ಇಲ್ಲ. ಇಪ್ಪತ್ತೈದು ವರ್ಷ ಆ ಮನೆಯ ನೀರು ಕುಡಿದು ಅವಳ ಬೆನ್ನು ಬಿಗಿದಾಗ, "ಹಲ್ಲು ಚೆನ್ನಾಗೈತಲ್ಲ, ನೀರಿನದಲ್ಲ ಬಿಡು" ಎಂದು ತೀರ್ಪು ಕೊಡುವುದು ದೊಡ್ಡ ತಪ್ಪಾಗುತ್ತದೆ.

ಹಲ್ಲು ನೋಡದೆಯೂ ಸುಳಿವು ಹಿಡಿಯಲು ಮೂರು ಸರಳ ಪರೀಕ್ಷೆಗಳಿವೆ. ಹಳ್ಳಿಗಳಲ್ಲಿ ಫ್ಲೋರೋಸಿಸ್ ತಪಾಸಣೆ ನಡೆಸುವವರು ಯಂತ್ರವಿಲ್ಲದೆ ಬಳಸುವ ವಿಧಾನಗಳು ಇವು. ಒಂದು, ಮಂಡಿ ಮಡಿಸದೆ ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟುವುದು. ಎರಡು, ಕತ್ತು ಬಗ್ಗಿಸಿ ಗಲ್ಲವನ್ನು ಎದೆಗೆ ತಾಗಿಸುವುದು. ಮೂರು, ಎರಡೂ ಕೈ ಎತ್ತಿ ತಲೆಯ ಹಿಂದೆ ಹಿಡಿಯುವುದು. ಇದರಲ್ಲಿ ಸೋತ ಮಾತ್ರಕ್ಕೆ ಫ್ಲೋರೋಸಿಸ್ ಎಂದಲ್ಲ. ಹೊಟ್ಟೆ ಬಂದವರಿಗೂ ಹೆಬ್ಬೆರಳು ಸಿಗುವುದಿಲ್ಲ. ಆದರೆ ಒಂದೇ ಬೋರಿನ ನೀರು ಕುಡಿಯುವ ಬೀದಿಯಲ್ಲಿ ನಲವತ್ತು ದಾಟಿದ ಹಲವರು ಮೂರರಲ್ಲೂ ಸೋತರೆ, ಆ ನೀರನ್ನು ಪರೀಕ್ಷೆಗೆ ಕಳಿಸಲೇಬೇಕು. ಮುಂದಿನ ಖಾತ್ರಿಗೆ ಮೂತ್ರದ ಫ್ಲೋರೈಡ್ ಪರೀಕ್ಷೆ, ಮುಂಗೈನ ಎಕ್ಸ್‌ರೇ ಇವೆ.

ನೀರಿನ ವಿಷಯದಲ್ಲಿ ಮೂರು ತಪ್ಪುಕಲ್ಪನೆಗಳನ್ನು ಇಲ್ಲೇ ತಿದ್ದಿಕೊಳ್ಳೋಣ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ರುಚಿ, ಬಣ್ಣ, ವಾಸನೆಯಿಂದ ಗೊತ್ತಾಗುವುದಿಲ್ಲ. ಸಿಹಿನೀರು ಎಂದು ಹೆಸರಾದ ಬೋರಿನಲ್ಲೂ ಇರಬಹುದು. ಇನ್ನು ಮೂರನೆಯದು ನಮ್ಮ ಅಡುಗೆಮನೆಯದು. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದ ಕ್ಯಾನ್ ನೀರನ್ನು ಕುಡಿಯಲು ಇಟ್ಟುಕೊಂಡು, ಮುದ್ದೆಯ ಎಸರಿಗೆ, ಸಾರಿಗೆ, ಅನ್ನಕ್ಕೆ, ಚಹಾಕ್ಕೆ ಬೋರಿನ ನೀರನ್ನೇ ಹಾಕುತ್ತೇವೆ. ಕುಡಿಯುವುದನ್ನು ನಿಲ್ಲಿಸಿದ್ದೇವೆ, ತಿನ್ನುವುದನ್ನು ನಿಲ್ಲಿಸಿಲ್ಲ.

ಈ ಜಿಲ್ಲೆಯಲ್ಲಿ ಕೆರೆ ಅಣೆಕಟ್ಟುಗಳ ನೀರು ಬರೀ ಬೇಸಾಯದ ವಿಷಯವಾಗದೆ ಎಲುಬಿನ ವಿಷಯವೂ ಆಗುವುದು ಇಲ್ಲಿಯೇ. ವೇದಾವತಿಗೆ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನ ಕಟ್ಟಿ 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಅಂದು ಹಿರಿಯೂರಿನ ಜನ ಕುಟುಂಬ ಸಮೇತ ಹೋಗಿ ನೀರು ನೋಡಿ ಬಂದರು. ಮೇಲ್ಮೈ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಅದು ನಲ್ಲಿಯವರೆಗೆ ಬಂದ ಪಟ್ಟಣಗಳಿಗೂ, ಇನ್ನೂ ಬೋರನ್ನೇ ನಂಬಿದ ಹಳ್ಳಿಗಳಿಗೂ ಇರುವ ವ್ಯತ್ಯಾಸ ಇಪ್ಪತ್ತು ವರ್ಷದ ಮೇಲೆ ಜನರ ನಡಿಗೆಯಲ್ಲೇ ಕಾಣಿಸುತ್ತದೆ. ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರ 2023ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಿಸಿದಾಗ ಎಷ್ಟು ಎಕರೆ ನೀರಾವರಿ ಎಂಬ ಲೆಕ್ಕವೇ ಎಲ್ಲರ ಬಾಯಲ್ಲಿತ್ತು. ಎಷ್ಟು ಬೆನ್ನು ನೆಟ್ಟಗೆ ಉಳಿಯುತ್ತವೆ ಎಂಬ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಎಲ್ಲವೂ ನೀರಿನದಲ್ಲ

ಹಾಗೆಂದು ಕಂಡ ನೋವಿಗೆಲ್ಲ ನೀರನ್ನೇ ದೂರುವುದೂ ಇನ್ನೊಂದು ಬೀಗ. ನಡುವಯಸ್ಸಿನಲ್ಲಿ ದಿನದ ಕೆಲಸ ಕಷ್ಟವಾಗಲು ಹಲವು ಕಾರಣಗಳಿವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಮದ್ದು. ಯಾವ ಕೆಲಸ, ಯಾವ ಹೊತ್ತಿನಲ್ಲಿ, ಹೇಗೆ ಕಷ್ಟವಾಗುತ್ತದೆ ಎಂದು ನೋಡಿದರೆ ಸುಳಿವು ಸಿಗುತ್ತದೆ.

ಕೆಲಸ ಮಾಡಿದಷ್ಟೂ ನೋವು ಹೆಚ್ಚಿ, ಕೂತರೆ ಇಳಿದು, ಮೆಟ್ಟಿಲು ಇಳಿಯುವಾಗ ಮಂಡಿ ಚುರುಕ್ಕೆಂದರೆ ಅದು ಬಹುಮಟ್ಟಿಗೆ ಮಂಡಿ ಸವೆತ. ಸವೆತವನ್ನು ವಾಪಸು ತರಲಾಗದು. ಆದರೆ ತೊಡೆಯ ಸ್ನಾಯುವನ್ನು ಗಟ್ಟಿ ಮಾಡಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಗೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ.

ಬೆಳಗ್ಗೆ ಎದ್ದಾಗ ಬೆರಳ ಗೆಣ್ಣುಗಳು ಊದಿಕೊಂಡು, ಮುದ್ದೆ ಕಟ್ಟಲಾಗದೆ, ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿತ ಸಡಿಲದಿದ್ದರೆ ಅದು ಸವೆತವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮೊದಲ ತಿಂಗಳುಗಳಲ್ಲೇ ಸರಿಯಾದ ಔಷಧಿ ಸಿಕ್ಕರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ಇಲ್ಲಿ "ವಯಸ್ಸಾತಲ್ಲ" ಎಂಬ ಮಾತಿಗೆ ತೆರುವ ಬೆಲೆ ಕೈಬೆರಳುಗಳು.

ಕುಪ್ಪಸದ ಹುಕ್ಕು ಹಾಕಲು, ಜಡೆ ಹೆಣೆಯಲು, ಹಿಂದಿನ ಜೇಬಿಗೆ ಕೈ ಹಾಕಲು ಆಗದೆ ಒಂದು ಭುಜ ಮಾತ್ರ ಹಿಡಿದುಕೊಂಡಿದ್ದರೆ ಮೊದಲು ಸಕ್ಕರೆ ಪರೀಕ್ಷಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹೀಗೆ ಕಟ್ಟಿಕೊಳ್ಳುವುದು ಹೆಚ್ಚು. ನಡೆಯುವಾಗ ಕಾಲಿನ ಚಪ್ಪಲಿ ಜಾರಿಹೋದದ್ದೇ ತಿಳಿಯದಿದ್ದರೆ ಅದೂ ಸಕ್ಕರೆ ನರಗಳನ್ನು ಮುಟ್ಟಿದ ಸೂಚನೆ. ನೋವು ಅಷ್ಟಾಗಿಲ್ಲ, ಆದರೆ ಕುಕ್ಕರುಗಾಲಿನಿಂದ ಏಳಲು ತೊಡೆಯಲ್ಲಿ ಬಲವೇ ಇಲ್ಲ ಎಂದಾದರೆ ವಿಟಮಿನ್ ಡಿ ಕೊರತೆ, ಥೈರಾಯ್ಡ್ ತೊಂದರೆಗಳನ್ನು ನೋಡಬೇಕು. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಹೆಂಗಸರ ಎಲುಬು ಬೇಗ ಸಾಂದ್ರತೆ ಕಳೆದುಕೊಳ್ಳುತ್ತದೆ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ತಾನು ಕರಿ ಚಹಾ ಕುಡಿಯುವವಳಿಗೆ ಎರಡು ಪೆಟ್ಟು: ಸುಣ್ಣದಂಶ ಹೋಯಿತು, ಚಹಾದ ಎಲೆಯಲ್ಲೇ ಇರುವ ಫ್ಲೋರೈಡೂ ಸೇರಿತು.

ಈ ವ್ಯತ್ಯಾಸಗಳನ್ನೆಲ್ಲ ಅಳಿಸಿಹಾಕುವುದು ಒಂದು ಮಾತ್ರೆ. ಸಂತೆಯ ದಿನ ಮೆಡಿಕಲ್ ಅಂಗಡಿಯಲ್ಲಿ "ಮೈಕೈ ನೋವಿಗೆ ಕೊಡಿ" ಎಂದರೆ ಚೀಟಿಯಿಲ್ಲದೆ ಸಿಗುವ ಆ ಗುಳಿಗೆ ಮರುದಿನದ ಕೂಲಿಯನ್ನು ಉಳಿಸುತ್ತದೆ, ನಿಜ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಒಂದೇ ಸೂಜಿಗೆ ಎಲ್ಲ ನೋವೂ ಮಾಯವಾಯಿತು ಎಂದರೆ ಅದರಲ್ಲಿ ಸ್ಟೀರಾಯ್ಡ್ ಇದ್ದಿರುವ ಸಂಭವವೇ ಹೆಚ್ಚು. ಮತ್ತೆ ಮತ್ತೆ ಹಾಕಿಸಿಕೊಂಡರೆ ಅದು ಸಕ್ಕರೆಯನ್ನು ಏರಿಸುತ್ತದೆ, ಎಲುಬನ್ನು ಟೊಳ್ಳು ಮಾಡುತ್ತದೆ.

ಕಾಗದದಲ್ಲಿ ಇಲ್ಲದ ವಯಸ್ಸು

ಸರ್ಕಾರದ ಕಾಗದಗಳಲ್ಲಿ ನಡುವಯಸ್ಸಿಗೆ ಜಾಗ ಸಿಗುವುದು ಕಷ್ಟ. ವೃದ್ಧಾಪ್ಯ ವೇತನಕ್ಕೆ 60 ಆಗಬೇಕು, ಸಂಧ್ಯಾ ಸುರಕ್ಷಾಕ್ಕೆ 65. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಆದರೆ ಮುಖ್ಯ ಸವಲತ್ತುಗಳಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಕುಂತು ಏಳಲಾಗದ, ಆದರೆ ನಿಂತು ನಡೆಯಬಲ್ಲ 48ರ ಕೂಲಿ ಹೆಂಗಸು ಈ ಯಾವ ಸಾಲಿನಲ್ಲೂ ನಿಲ್ಲಲಾರಳು. ಹೊಲದ ಕೆಲಸ ತಪ್ಪಿದರೂ ಯಾವ ಪಿಂಚಣಿಯೂ ಇಲ್ಲದ ಹತ್ತು ಹದಿನೈದು ವರ್ಷ ಅವಳ ಮುಂದಿದೆ.

ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಬಂದು ಬಿಪಿ, ಸಕ್ಕರೆ, ಕ್ಯಾನ್ಸರ್ ಲಕ್ಷಣಗಳ ಬಗ್ಗೆ ಕೇಳಿ ನಮೂನೆ ತುಂಬಿಕೊಳ್ಳುತ್ತಾರೆ. ಒಳ್ಳೆಯ ಕೆಲಸ. ಆ ನಮೂನೆಯಲ್ಲಿ ನಿಲ್ಲುವಾಗ ನಡೆಯುವಾಗ ತೂರಾಡುತ್ತೀರಾ, ದಿನದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕೇ ಎಂಬ ಪ್ರಶ್ನೆಗಳೂ ಇವೆ. ಆದರೆ ಅವು 60 ದಾಟಿದವರಿಗೆ ಮೀಸಲು. ಫ್ಲೋರೈಡ್ ನೀರಿನ ಜಿಲ್ಲೆಗಳಲ್ಲಾದರೂ ಆ ಪ್ರಶ್ನೆಗಳನ್ನು 40ಕ್ಕೆ ಇಳಿಸಿ, ಜೊತೆಗೆ "ಕುಕ್ಕರುಗಾಲಲ್ಲಿ ಕೂತು ಕೈ ಊರದೆ ಏಳುತ್ತೀರಾ?" ಎಂದು ಒಂದು ಸಾಲು ಸೇರಿಸಿದರೆ ಖರ್ಚು ಏನೂ ಇಲ್ಲ. ಬಸ್ಸಿನದೂ ಇಂಥದೇ ಕಥೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿನ ಭಾರ ಇಳಿಯಿತು. ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ ಇಳಿಯಲಿಲ್ಲ.

ಎತ್ತರದ ಲೆಕ್ಕ

ಕಾರಣ ಹುಡುಕುವುದು ಡಾಕ್ಟರ ಕೆಲಸ. ಮನೆಯನ್ನು ಎತ್ತರಿಸುವುದು ನಮ್ಮದೇ ಕೆಲಸ. ಹಳೆಯ ಮನೆಗಳ ಮುಂದೆ ಜಗುಲಿ ಇರುತ್ತಿತ್ತು, ಊರ ಮುಂದೆ ಅರಳಿಕಟ್ಟೆ. ಎರಡೂ ಮಂಡಿಯ ಎತ್ತರಕ್ಕೇ ಇರುತ್ತಿದ್ದವು. ಸುಮ್ಮನೆ ಹಿಂದಕ್ಕೆ ಒರಗಿದರೆ ಕೂತಂತೆ, ಮುಂದಕ್ಕೆ ಬಾಗಿದರೆ ಎದ್ದಂತೆ. ಆರ್‌ಸಿಸಿ ಮನೆ ಕಟ್ಟುವಾಗ ಗೇಟು, ಗ್ರಿಲ್ಲು ಇಟ್ಟು ಜಗುಲಿ ತೆಗೆದೆವು. ಅದರೊಂದಿಗೆ ನೋವಿಲ್ಲದೆ ಕೂರುವ ಒಂದೇ ಜಾಗವೂ ಹೋಯಿತು.

ಆ ಎತ್ತರವನ್ನು ಮನೆಯೊಳಗೆ ತರುವುದು ದುಬಾರಿಯಲ್ಲ. ಶೌಚಾಲಯದ ಗೋಡೆಗೆ ಒಂದು ಗಟ್ಟಿ ಕಬ್ಬಿಣದ ಹಿಡಿಕೆ ಹಾಕಿಸಬಹುದು. ಕಮೋಡ್ ಹಾಕಿಸಲು ಆಗದಿದ್ದರೆ ಬೇಸಿನ್ ಮೇಲೆ ಇಡುವ, ನಡುವೆ ತೂತಿರುವ ಸ್ಟೂಲು ಸಿಗುತ್ತದೆ. ಬಟ್ಟೆ ಒಗೆಯುವ ಕಲ್ಲನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಕೂರಿಸಬಹುದು. ಹಾಲು ಕರೆಯಲು ಗಟ್ಟಿ ಮಣೆ, ನೆಲ ಒರೆಸಲು ಉದ್ದ ಕೋಲು, ಹೊಲಕ್ಕೆ ನಿಂತು ನೂಕುವ ಸೈಕಲ್ ಕುಂಟೆ ಇವೆ. ಪೂಜೆಯ ಜಾಗವನ್ನು ಎದೆಯೆತ್ತರಕ್ಕೆ ಏರಿಸಿದರೆ ದೇವರೇನೂ ಮುನಿಯುವುದಿಲ್ಲ. ಗೃಹಪ್ರವೇಶದ ಊಟದಲ್ಲಿ ನಾಲ್ಕು ಬೆಂಚು ಹೆಚ್ಚಿಗೆ ಹಾಕಿ, "ಯಾರು ಬೇಕಾದರೂ ಕೂರಬಹುದು" ಎಂದು ಯಜಮಾನರು ಬಾಯಿಬಿಟ್ಟು ಹೇಳಿದರೆ ಎಷ್ಟೋ ಜನ ಹೊಟ್ಟೆತುಂಬ ಉಂಡು ಹೋಗುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಯೊಳಗಿನ ಮಾತು. "ಯಾಕವ್ವ, ರಂಗೋಲಿ ಬಿಟ್ಟೆ?" ಎಂದು ಮಗಳು ಕೇಳಬೇಕು. "ಹಸು ಮಾರಿದ್ದು ಮೇವಿಗೋ, ಮಂಡಿಗೋ?" ಎಂದು ಅಣ್ಣ ತಂಗಿಯನ್ನು ಕೇಳಬೇಕು.

ಈ ವಾರ ಎರಡು ಕೆಲಸ ಮಾಡಿ. ಮನೆಯಲ್ಲಿ ನಲವತ್ತು ದಾಟಿದವರೆಲ್ಲ ಹಜಾರದಲ್ಲಿ ನಿಂತು ಆ ಮೂರು ಪರೀಕ್ಷೆ ಮಾಡಿನೋಡಿ. ಹೆಬ್ಬೆರಳು, ಎದೆ, ತಲೆಯ ಹಿಂದೆ. ಆಮೇಲೆ ಅಡುಗೆಗೆ ಬಳಸುವ ನೀರನ್ನು ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ, ಯಾವ ಬೋರು, ಯಾವ ದಿನ ಎಂದು ಚೀಟಿ ಅಂಟಿಸಿ ಗ್ರಾಮ ಪಂಚಾಯಿತಿಗೆ ಒಯ್ಯಿರಿ. ಜಲಜೀವನ್ ಮಿಷನ್ ಅಡಿಯಲ್ಲಿ ನೀರು ಪರೀಕ್ಷಿಸುವ ಕಿಟ್ಟುಗಳನ್ನು ಪಂಚಾಯಿತಿಗಳಿಗೆ ಕೊಟ್ಟು, ಪ್ರತಿ ಊರಿನಲ್ಲಿ ಐವರು ಹೆಂಗಸರಿಗೆ ತರಬೇತಿ ಕೊಡಬೇಕೆಂಬ ನಿಯಮವಿದೆ. ಕಿಟ್ಟು ಇಲ್ಲವೆಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಇದೆ. ಪರೀಕ್ಷೆಯ ದ್ರಾವಣ ಗುಲಾಬಿ ಬಣ್ಣದಲ್ಲೇ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದಷ್ಟೂ ಹೆಚ್ಚು. ಮೊದಲ ಹಂತದಲ್ಲಿ ನೀರು ಬದಲಿಸಿದರೆ ನೋವು, ಬಿಗಿತ ಇಳಿಯುತ್ತವೆ. ಬೆನ್ನು ಬಾಗಿ ಗಟ್ಟಿಯಾದ ಮೇಲೆ ಅದನ್ನು ನೆಟ್ಟಗೆ ಮಾಡುವ ಮದ್ದು ಇನ್ನೂ ಇಲ್ಲ.